ಕ್ರೀಸ್ ಬಿಟ್ಟ ಗೋಲ್‌ಕೀಪರ್

ಕ್ರೀಸ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಂಥವರಿಗೆ ನೆನಪಾಗುವುದು ಕ್ರಿಕೆಟ್. ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುನ್ನುಗ್ಗಿ ಚೆಂಡು ತಪ್ಪಿಸಿಕೊಂಡರೆ ವಿಕೆಟ್‌ಕೀಪರ್ ಬೇಲ್ಸ್ ಎಗರಿಸುತ್ತಾನೆ. ಮುಂದೆ ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲವಾದ್ದರಿಂದ ಅವನಿಗಾಗಿ ಯಾರೂ ಮರುಗುವುದೂ ಇಲ್ಲ. ಕೆನಡಾಕ್ಕೆ ಬಂದು ಐಸ್ ಹಾಕಿ ನೋಡತೊಡಗಿದ ಮೊದಲ ವರ್ಷಗಳಲ್ಲಿ ನಾನು ಇದೇ ತರ್ಕವನ್ನು ಗೋಲ್‌ಕೀಪರಿಗೂ ಹಚ್ಚುತ್ತಿದ್ದೆ. ಗೋಲಿನ ಮುಂದೆ ನೀಲಿ ಬಳಿದಿರುವ ಆ ಪುಟ್ಟ ಜಾಗದೊಳಗೆ ಅವನನ್ನು ಮುಟ್ಟಬಾರದು, ಸರಿ. ಅದನ್ನು ಬಿಟ್ಟು ಪಕ್ (ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಆಡಲು ಹೊರಬಂದ ಮೇಲೆ ಅವನೂ ಎಲ್ಲರಂತೆ ಒಬ್ಬ ಆಟಗಾರ, ಪಕ್ ಇರುವವನಿಗೆ ಬೀಳಬಹುದಾದ ಬಾಡಿ ಚೆಕ್, ಅಂದರೆ ಮೈಯಿಂದ ಕೊಡುವ ಗುದ್ದು, ಅವನಿಗೂ ಬೀಳಲಿ ಎನ್ನುವುದು ನನ್ನ ವಾದವಾಗಿತ್ತು. ಇಲ್ಲಿನ ಗೆಳೆಯರಲ್ಲಿ ಅರ್ಧದಷ್ಟು ಜನ ಈಗಲೂ ಹೀಗೆಯೇ ವಾದಿಸುತ್ತಾರೆ. ನಾನು ಮಾತ್ರ ಆ ಪಕ್ಷ ಬಿಟ್ಟಿದ್ದೇನೆ.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ನಿಯಮಾವಳಿ ಈ ವಾದವನ್ನು ಎಂದೋ ತಳ್ಳಿಹಾಕಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕ್ರೀಸಿನ ಹೊರಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಗೋಲ್‌ಕೀಪರ್ ಹೊಡೆತಕ್ಕೆ ಅರ್ಹನಾಗುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಅನಗತ್ಯವಾಗಿ ತಾಗಿದವನಿಗೆ ಶಿಕ್ಷೆ ಆಗಬೇಕು, ತಪ್ಪಿಸಲು ತಕ್ಕ ಪ್ರಯತ್ನ ಮಾಡಿಯೂ ಆಕಸ್ಮಿಕವಾಗಿ ತಾಗಿದರೆ ಮಾತ್ರ ವಿನಾಯಿತಿ. ತೊಡಕಿರುವುದು ಶಿಕ್ಷೆಯ ತೂಕದಲ್ಲಿ. 2011ರ ನವೆಂಬರ್ 12ರಂದು ಬಾಸ್ಟನ್‌ನಲ್ಲಿ, ಬಫಲೊ ಸೇಬರ್ಸ್‌ನ ಗೋಲ್‌ಕೀಪರ್ ರಯಾನ್ ಮಿಲ್ಲರ್ ಎದುರಾಳಿಗಿಂತ ಮೊದಲು ಪಕ್ ತಲುಪಲು ಗೋಲು ಬಿಟ್ಟು ಬಹುದೂರ ಓಡಿಬಂದರು, ಪಕ್ಕನ್ನು ಸ್ಟಿಕ್ಕಿನಿಂದ ಆಚೆ ತಳ್ಳಿಯೂಬಿಟ್ಟರು. ಅದರ ಬೆನ್ನಿಗೇ ಅದೇ ವೇಗದಲ್ಲಿ ಬರುತ್ತಿದ್ದ ಬಾಸ್ಟನ್ ಬ್ರುಯಿನ್ಸ್‌ನ ಮಿಲಾನ್ ಲೂಚಿಚ್, ಮಿಲ್ಲರ್‌ರನ್ನು ಗುದ್ದಿ ಕೆಡವಿದರು. ಮಿಲ್ಲರ್‌ಗೆ ತಲೆಗೆ ಪೆಟ್ಟಾಗಿ ಕೆಲವು ಪಂದ್ಯಗಳು ತಪ್ಪಿದವು. ಲೂಚಿಚ್‌ಗೆ ಅಂಗಳದಲ್ಲಿ ಎರಡು ನಿಮಿಷದ ಶಿಕ್ಷೆಯಾಯಿತು. ಆಮೇಲೆ ವಿಚಾರಣೆ ನಡೆಸಿದ, ಲೀಗಿನ ಶಿಸ್ತು ಕ್ರಮದ ಹೊಣೆ ಹೊತ್ತಿದ್ದ ಬ್ರೆಂಡನ್ ಶಾನಹನ್ ಅಷ್ಟೇ ಸಾಕೆಂದು ತೀರ್ಮಾನಿಸಿದರು, ಅಮಾನತು ಆಗಲಿಲ್ಲ.

ಎರಡು ನಿಮಿಷ ಎಂದರೆ ಎಷ್ಟು? ಎದುರಾಳಿಗೆ ಅಷ್ಟು ಹೊತ್ತು ಒಬ್ಬ ಆಟಗಾರ ಹೆಚ್ಚಿಗೆ ಸಿಗುತ್ತಾನೆ, ಅಂಥ ಅವಕಾಶಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಗೋಲಾಗುತ್ತದೆ. ಒಂದು ತಂಡದ ಮೊದಲ ಗೋಲ್‌ಕೀಪರನ್ನು ವಾರಗಟ್ಟಲೆ ಕೂರಿಸಲು ತೆರಬೇಕಾದ ಬೆಲೆ ಇಷ್ಟೇ ಆದರೆ, ಕೆಟ್ಟ ಮನಸ್ಸಿನ ಕೋಚ್‌ಗೆ ಅದು ಲಾಭದ ವ್ಯಾಪಾರ. ಲೂಚಿಚ್ ಹಾಗೆ ಲೆಕ್ಕ ಹಾಕಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಹಾಕುವವನಿಗೆ ಉತ್ತರ ಲಾಭವೆಂದೇ ಬರುವಂತೆ ನಿಯಮ ಇರಬಾರದು.

ಗೋಲ್‌ಕೀಪರ್ ಎಲ್ಲರಂತೆ ಒಬ್ಬ ಆಟಗಾರ ಎಂಬ ಮಾತು ಎಣಿಕೆಯಲ್ಲೂ ನಿಲ್ಲುವುದಿಲ್ಲ. ತಂಡವೊಂದು ಪಂದ್ಯಕ್ಕೆ ಹದಿನೆಂಟು ಆಟಗಾರರನ್ನು ಇಳಿಸಿದರೆ ಗೋಲ್‌ಕೀಪರ್‌ಗಳು ಇಬ್ಬರೇ. 2020ರ ಫೆಬ್ರವರಿ 22ರಂದು ಟೊರೊಂಟೊದಲ್ಲಿ ಕ್ಯಾರೊಲೈನಾ ಹರಿಕೇನ್ಸ್‌ನ ಮೊದಲ ಗೋಲ್‌ಕೀಪರ್ ಗಾಯಗೊಂಡು ಹೊರಹೋದ ಮೇಲೆ, ಪಕ್ ಆಡಲು ಹೊರಬಂದ ಎರಡನೆಯವರಾದ ಪೆಟರ್ ಮ್ರಾಜೆಕ್ ಮೇಪಲ್ ಲೀಫ್ಸ್‌ನ ಕೈಲ್ ಕ್ಲಿಫರ್ಡ್‌ಗೆ ಡಿಕ್ಕಿಯಾಗಿ ಬಿದ್ದರು. ಆಗ ತುರ್ತು ಬದಲಿಯಾಗಿ ಗೋಲಿಗೆ ನಿಂತವರು, ಹಿಂದೆ ಐಸ್ ನುಣುಪು ಮಾಡುವ ಜಾಂಬೋನಿ ಯಂತ್ರ ಓಡಿಸುತ್ತಿದ್ದ ನಲವತ್ತೆರಡು ವರ್ಷದ ಡೇವಿಡ್ ಏರ್ಸ್. ಕ್ಯಾರೊಲೈನಾ 6-3ರಿಂದ ಗೆದ್ದಿತು, ಏರ್ಸ್ ಮನೆಮಾತಾದರು. ಆ ಸಂಭ್ರಮದಲ್ಲಿ ಡಿಕ್ಕಿಯ ವಿಷಯ ಎಲ್ಲರಿಗೂ ಮರೆತೇಹೋಯಿತು.

ಇನ್ನು ಮೈಗೆ ತೊಟ್ಟದ್ದರ ಮಾತು. ಅಷ್ಟೊಂದು ಪ್ಯಾಡ್ ಕಟ್ಟಿಕೊಂಡವನಿಗೆ ಏನಾದೀತು ಎಂದು ಕೇಳುವುದುಂಟು. ಆ ಪ್ಯಾಡುಗಳು ಇರುವುದು ಎದುರಿನಿಂದ ಬರುವ ಪಕ್ ತಡೆಯಲು, ಪಕ್ಕದಿಂದ ನುಗ್ಗುವ ತೊಂಬತ್ತು ಕಿಲೋ ಮನುಷ್ಯನನ್ನು ತಡೆಯಲು ಅಲ್ಲ. ಮುಂಚೂಣಿಯ ಆಟಗಾರ ಚೆಕ್ ಬರುವುದನ್ನು ಕಂಡು ಮೊಣಕಾಲು ಬಗ್ಗಿಸಿ ಭುಜ ಒಡ್ಡುವುದನ್ನು ಚಿಕ್ಕಂದಿನಿಂದ ಕಲಿತಿರುತ್ತಾನೆ. ಗೋಲ್‌ಕೀಪರ್ ಕಲಿತದ್ದು ಪಕ್ ಮೇಲೆ ಕಣ್ಣಿಟ್ಟು ಅಡ್ಡಕ್ಕೆ ಜಾರುವುದನ್ನು.

ನಾನು ಆಡಿ ಬೆಳೆದ ಹಾಕಿ ಹುಲ್ಲಿನದು, ಆಮೇಲೆ ಟರ್ಫಿನದು. ಅಲ್ಲಿ ಯಾರನ್ನೂ ಮೈಯಿಂದ ತಳ್ಳುವಂತಿಲ್ಲವಾದ್ದರಿಂದ ಈ ಪ್ರಶ್ನೆ ನೇರವಾಗಿ ಏಳುವುದೇ ಇಲ್ಲ. ಆದರೂ ಅದರ ಏರ್ಪಾಡಿನಲ್ಲಿ ಒಂದು ವಿವೇಕವಿದೆ. ಗೋಲಿನ ಮುಂದೆ ಗೆರೆ ಎಳೆದಿರುವ ಸರ್ಕಲ್‌ನೊಳಗೆ ಗೋಲ್‌ಕೀಪರ್ ಚೆಂಡನ್ನು ಕಾಲಿನಿಂದ ಒದೆಯಬಹುದು, ಮೈಯಿಂದ ತಡೆಯಬಹುದು. ಸರ್ಕಲ್ ದಾಟಿದೊಡನೆ ಅವನಿಗೆ ಉಳಿಯುವುದು ಸ್ಟಿಕ್ ಮಾತ್ರ. ಪೂರ್ಣ ರಕ್ಷಣಾ ಸಾಧನ ತೊಟ್ಟವನು 23 ಮೀಟರ್ ಗೆರೆಯಿಂದಾಚೆ ಆಟಕ್ಕೇ ಇಳಿಯುವಂತಿಲ್ಲ. ದೂರ ಹೋದಷ್ಟೂ ಅವನ ಸವಲತ್ತು ಕರಗುತ್ತದೆ, ಮೈಯ ಸುರಕ್ಷೆ ಮಾತ್ರ ಇದ್ದಲ್ಲೇ ಇರುತ್ತದೆ. ಹಿಂದಿರುಗಿ ನೋಡಿದರೆ ಕ್ರಿಕೆಟ್‌ನ ಕ್ರೀಸೂ ಹಾಗೆಯೇ: ಅದನ್ನು ಬಿಟ್ಟವನು ಪಣಕ್ಕಿಡುವುದು ವಿಕೆಟ್ಟನ್ನು, ಪಕ್ಕೆಲುಬನ್ನಲ್ಲ. ನನ್ನ ಹಳೆಯ ವಾದ ಎಡವಿದ್ದು ಇಲ್ಲಿಯೇ.

ಇದಕ್ಕೆ ಬರುವ ಆಕ್ಷೇಪವೊಂದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾರೂ ಮುಟ್ಟಲಾರರು ಎಂಬ ಧೈರ್ಯ ಸಿಕ್ಕರೆ ಗೋಲ್‌ಕೀಪರ್ ಮೂರನೆಯ ಡಿಫೆನ್ಸ್ ಆಟಗಾರನಾಗಿಬಿಡುತ್ತಾನೆ, ದಾಳಿಗಾರ ಬೆನ್ನಟ್ಟಿಯೂ ಪ್ರಯೋಜನವಿಲ್ಲ ಎನ್ನುತ್ತಾರೆ. ಮಾತು ನಿಜ. ಗೋಲಿನ ಹಿಂದೆ ಹೋಗಿ ಪಕ್ ನಿಲ್ಲಿಸುವ ಚಾಳಿಯನ್ನು ಮಾಂಟ್ರಿಯಾಲ್‌ನ ಜಾಕ್ ಪ್ಲಾಂಟ್ ಬೆಳೆಸಿದರು. 1987ರಲ್ಲಿ ಫಿಲಡೆಲ್ಫಿಯಾದ ರಾನ್ ಹೆಕ್ಸ್‌ಟಾಲ್ ಎದುರಾಳಿಯ ಖಾಲಿ ಗೋಲಿಗೆ ಪಕ್ ಹೊಡೆದು ತಾವೇ ಗೋಲು ದಾಖಲಿಸಿದರು. ನ್ಯೂಜೆರ್ಸಿಯ ಮಾರ್ಟಿನ್ ಬ್ರೊಡೂರ್ ಈ ಕಲೆಯಲ್ಲಿ ಎಷ್ಟು ಪಳಗಿದ್ದರೆಂದರೆ, 2005-06ರ ಋತುವಿನಲ್ಲಿ ಗೋಲಿನ ಹಿಂದೆ ತ್ರಾಪಿಜ್ಯದ ಆಕಾರ ಎಳೆದು, ಗೋಲ್ ಗೆರೆಯ ಹಿಂದೆ ಅದರ ಆಚೀಚೆಯ ಮೂಲೆಗಳಲ್ಲಿ ಪಕ್ ಆಡಿದ ಗೋಲ್‌ಕೀಪರಿಗೆ ಎರಡು ನಿಮಿಷದ ಶಿಕ್ಷೆ ಎಂದು ಲೀಗ್ ನಿಯಮ ಮಾಡಿದಾಗ ಜನ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಅಂದರೆ ಅಲೆದಾಟಕ್ಕೆ ಗೆರೆಯಿಂದಲೇ ಕಡಿವಾಣ ಹಾಕಬಹುದೆಂದು ಲೀಗ್ ತಾನೇ ತೋರಿಸಿಕೊಟ್ಟಿದೆ. ಇನ್ನೂ ಬಿಗಿ ಬೇಕಿದ್ದರೆ ಇನ್ನೊಂದು ಗೆರೆ ಎಳೆಯಲಿ, ಮುಂದಕ್ಕೂ ಎಳೆಯಲಿ, ನನ್ನ ತಕರಾರಿಲ್ಲ. ಪಕ್ ಇಲ್ಲದೆ ಸುಮ್ಮನೆ ಓಡುವವನ ದಾರಿಗಡ್ಡ ನಿಲ್ಲುವ ಗೋಲ್‌ಕೀಪರಿಗೆ ಶಿಕ್ಷೆ ಕೊಡಲು ಈಗಲೇ ನಿಯಮವಿದೆ, ರೆಫರಿಗಳು ಅದನ್ನು ಬಳಸಲು ಸಂಕೋಚಪಡಬಾರದು.

ಇದಕ್ಕೆ ಬದಲಾಗಿ ನಾನು ಕೇಳುವುದು ಒಂದನ್ನೇ. ಪಕ್ ಆಗಲೇ ದೂರ ಹೋಗಿದ್ದು, ತಿರುಗಿಕೊಳ್ಳಲು ಜಾಗವಿದ್ದೂ ಭುಜ ಕೊಟ್ಟು ಗೋಲ್‌ಕೀಪರನ್ನು ಕೆಡವಿದವನಿಗೆ ಎರಡು ನಿಮಿಷವಲ್ಲ, ಐದು ನಿಮಿಷ. ಐದು ನಿಮಿಷದ ಮೇಜರ್ ಶಿಕ್ಷೆಯಲ್ಲಿ ಎದುರಾಳಿ ಒಂದು ಗೋಲು ಹೊಡೆದರೂ ಅವನು ಅಂಗಳಕ್ಕೆ ಮರಳುವಂತಿಲ್ಲ, ಎರಡು ಹೊಡೆದರೂ ಮರಳುವಂತಿಲ್ಲ. ಅವನ ತಂಡ ಅಷ್ಟು ಹೊತ್ತೂ ಒಬ್ಬನ ಕೊರತೆಯಲ್ಲೇ ಆಡಬೇಕು. ಅಷ್ಟಾದರೆ, ನುಗ್ಗಿ ಬರುವವನು ಕೊನೆಯ ಎರಡು ಹೆಜ್ಜೆಯಲ್ಲಿ ಸ್ಕೇಟ್ ತಿರುಗಿಸುವ ಸಾಧ್ಯತೆ ಹೆಚ್ಚು.