ಅರಗಿನ ಪ್ಲೇಟು, ಹಪ್ಪಳದ ಸದ್ದು

ಭಾನುವಾರ ಬೆಳಿಗ್ಗೆ ಆರಕ್ಕೇ ನಾನು ಚಪ್ಪಲಿ ಮೆಟ್ಟಿದರೆ ಮನೆಯಲ್ಲಿ ಯಾರೂ ವಾಕಿಂಗಾ ಅಂತ ಕೇಳುವುದಿಲ್ಲ. "ರೀ, ಇವತ್ತು ಏನು ಗುಜರಿ ತರ್ತೀರಾ?" ಅಂತಲೇ ಕೇಳುವುದು.

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ವಾರವೆಲ್ಲ ವೈರು, ಸ್ವಿಚ್ಚಿನ ವ್ಯಾಪಾರ. ಭಾನುವಾರ ಮಾತ್ರ ಮುಚ್ಚಿದ ಅಂಗಡಿಗಳ ಮುಂದೆ ಟಾರ್ಪಾಲು ಹಾಸಿ ಸಂಡೇ ಬಜಾರ್. ಮುಳ್ಳಿಲ್ಲದ ಗಡಿಯಾರ, ರೆಕ್ಕೆಯಿಲ್ಲದ ಫ್ಯಾನು, ಅದರ ಮಧ್ಯೆ ನನ್ನ ಕ್ಯಾಸೆಟ್ ರಾಶಿ. ಕ್ಯಾಸೆಟ್ ಸುಮ್ನೆ ಕೊಳ್ಳುವ ಹಾಗಿಲ್ಲ. ಟೇಪಿನ ಹಿಂದಿರುವ ಪುಟ್ಟ ಸ್ಪಂಜು ಉದುರಿದೆಯಾ, ಸುರುಳಿಗೆ ಬೂಷ್ಟು ಹಿಡಿದಿದೆಯಾ ನೋಡಬೇಕು, ಪೆನ್ಸಿಲ್ ತೂರಿಸಿ ತಿರುಗಿಸಬೇಕು. ಇಷ್ಟೆಲ್ಲ ಮಾಡಿ ನಾನು ತಂದ ಭಾವಗೀತೆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಯಾರದೋ ಮನೆಯ ಗೃಹಪ್ರವೇಶ! ಬೆನ್ನಿನ ಎರಡು ತೂತಿಗೆ ಸೆಲೋಟೇಪ್ ಅಂಟಿಸಿದ್ದು ಕಂಡಾಗಲೇ ಹೊಳೆಯಬೇಕಿತ್ತು. ಹಾಡು ಅಳಿಸಿ ಅದರ ಮೇಲೇ ರೆಕಾರ್ಡ್ ಮಾಡುವ ಉಪಾಯ ಅದು, ನಾವೂ ಮಾಡಿದವರೇ ಅಲ್ವಾ? ಅರ್ಧ ಗಂಟೆ ಮಂತ್ರ, ನಡುನಡುವೆ ಒಬ್ಬರು "ಹಾಲು ಉಕ್ಕಿತಾ? ಉಕ್ಕಿತಾ?" ಅಂತ ಕೂಗುತ್ತಾರೆ. ಬಿ ಸೈಡಿನಲ್ಲಿ ಸಾರಿಗೆ ಉಪ್ಪು ಜಾಸ್ತಿ ಅಂತ ಗೊಣಗಾಟ. ನನ್ನ ಹೆಂಡತಿ ಅದನ್ನೇ ಮೂರು ಸಲ ಹಾಕಿಸಿ ಕೇಳಿದಳು.

ಹೋದ ತಿಂಗಳು ಒಂದು 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗಬೇಕಾದ, ಹಳೇ ಗ್ರಾಮಫೋನ್ ಪ್ಲೇಟು ಸಿಕ್ಕಿತು. "ಬೋಣಿ ಟೈಮು, ಇನ್ನೂರು ಕೊಡಿ ಸಾರ್" ಅಂದವನನ್ನು ನೂರಿಪ್ಪತ್ತಕ್ಕೆ ಇಳಿಸಿ, ಕೋಟೆ ಗೆದ್ದವನ ಹಾಗೆ ಮನೆಗೆ ಬಂದೆ. ನನ್ನ ಪ್ಲೇಯರಿನಲ್ಲಿ ಇರುವುದು 33, 45 ಎರಡೇ ಸ್ಪೀಡು ಅನ್ನುವುದು ನೆನಪಾದದ್ದು ಮುಳ್ಳು ಇಟ್ಟ ಮೇಲೆ. ಪಾಪ, ಆ ಗಾಯಕಿ ಕುಂಭಕರ್ಣ ಆಕಳಿಸುವ ಹಾಗೆ ಹಾಡಿದರು.

ಗೆಳೆಯನ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇದೆ. ಪ್ಲೇಟನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಸೀಟಿನ ಮೇಲೆ ಚೀಲ ಇಟ್ಟು ಚಿಲ್ಲರೆಗೆ ಜೇಬು ತಡಕುವಷ್ಟರಲ್ಲಿ ಒಬ್ಬರು ಅಜ್ಜಿ ಬಂದು ಅದರ ಮೇಲೇ ಕೂತುಬಿಟ್ಟರು. ಆ ಕಾಲದ ಪ್ಲೇಟು ಅರಗಿನದು, ಬಾಗುವ ಜಾತಿಯಲ್ಲ. ಚಟ್ ಅಂತು. ಪಾಂಡವರಾದರೂ ಅರಗಿನ ಮನೆಯಿಂದ ಪಾರಾದರು, ನನ್ನ ಗಾಯಕಿಗೆ ಸುರಂಗ ತೋಡಿಕೊಡುವವರು ಯಾರೂ ಇರಲಿಲ್ಲ.

ಅಜ್ಜಿ ಗಾಬರಿಯಾಗಿ ಚೀಲ ಎತ್ತಿ ಕೊಟ್ಟರು. "ಏನಪ್ಪಾ ಇದು, ಹಪ್ಪಳವಾ?"

ಅರಗು, 78, ಮೂರು ಸ್ಪೀಡು ಎಲ್ಲ ವಿವರಿಸುವ ಶಕ್ತಿ ಇರಲಿಲ್ಲ. "ಹೂಂ ಅಜ್ಜಿ" ಅಂದೆ.

"ಕರಿಯೋಕೆ ಮುಂಚೆ ಹೇಗೂ ಮುರೀಬೇಕು, ಬಿಡು."