ಪೋವಿಸ್ ಕೋಟೆಯ ಕುರ್ಚಿಯೂ ಅದರ ಮೇಲಿನ ಮುಳ್ಳೂ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗೆ ಊರಿಂದ ಅತ್ತೆ-ಮಾವ ಬಂದರೆ, ಲಂಡನ್ ಮುಗಿದ ಮೇಲೆ ಯಾರಾದರೊಬ್ಬರು ‘ವೇಲ್ಸಿನಲ್ಲಿ ಟಿಪ್ಪುವಿನ ಸಾಮಾನೆಲ್ಲ ಇದೆಯಂತೆ’ ಎಂದು ಬಾಯಿಬಿಡುತ್ತಾರೆ. ಕಾರು ವೆಲ್ಷ್‌ಪೂಲ್ ಕಡೆ ಹೊರಡುತ್ತದೆ. ಪೋವಿಸ್ ಕೋಟೆಯ ಬಾಗಿಲಲ್ಲಿ ನಿಂತ ಸ್ವಯಂಸೇವಕರಿಗೆ ಮಾವನವರ ಮೊದಲ ಪ್ರಶ್ನೆ: ‘ಹುಲಿ ಎಲ್ಲಿ?’

ಬಿಳಿ ಸೋಲ್ಜರನ ಮೇಲೆರಗಿ ಗುರುಗುಟ್ಟುವ ಟಿಪ್ಪುವಿನ ಆ ಮರದ ಹುಲಿ ಇಲ್ಲಿಲ್ಲ. ಅದಿರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ಅಂದರೆ ಮೊನ್ನೆ ಬಸ್ಸಿನಿಂದಲೇ ನೋಡಿ ‘ಏನೋ ದೊಡ್ಡ ಕಟ್ಟಡ’ ಎಂದು ಬಿಟ್ಟು ಬಂದದ್ದರಲ್ಲಿ. ಪೋವಿಸ್‌ನಲ್ಲಿರುವುದು ಟಿಪ್ಪುವಿನ ಸಿಂಹಾಸನದ ಕಟಕಟೆಯನ್ನು ಅಲಂಕರಿಸಿದ್ದ ಪುಟ್ಟ ಚಿನ್ನದ ಹುಲಿತಲೆಗಳಲ್ಲೊಂದು. ಮಾಣಿಕ್ಯ, ವಜ್ರ, ಪಚ್ಚೆ ಕೂರಿಸಿದ್ದು, ಅಂಗೈಯಲ್ಲಿ ಹಿಡಿಸುವಷ್ಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ದೊಡ್ಡ ಹುಲಿತಲೆಯೂ, ಛತ್ರದ ಮೇಲಿದ್ದ ಹುಮಾ ಎಂಬ ಹಕ್ಕಿಯೂ ಬ್ರಿಟಿಷ್ ಅರಸರ ವಿಂಡ್ಸರ್ ಕೋಟೆ ಸೇರಿದವು. ಇದ್ದದ್ದು ಒಂದೇ ಸಿಂಹಾಸನ, ಈಗ ಟಿಕೆಟ್ ಎರಡು.

ಎರಡನೆಯ ಎಡವಟ್ಟು: ‘ಎಲ್ಲಾ ಆ ರಾಬರ್ಟ್ ಕ್ಲೈವ್ ಹೊಡೆದದ್ದು!’ ಆತ 1774ರಲ್ಲೇ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಇದು ಮಗ ಎಡ್ವರ್ಡ್ ಕ್ಲೈವನ ಕಾಲದ ಮಾತು. ಶ್ರೀರಂಗಪಟ್ಟಣದ ಮುತ್ತಿಗೆ ನಡೆದಾಗ ಮದರಾಸಿನ ಗವರ್ನರ್ ಅವನೇ. ಹೆಂಡತಿ ಹೆನ್ರಿಯೆಟ್ಟಾ ಈ ಪೋವಿಸ್ ಮನೆತನದವಳು. 1800ರಲ್ಲಿ ಹೆಣ್ಣುಮಕ್ಕಳೊಡನೆ ಶ್ರೀರಂಗಪಟ್ಟಣಕ್ಕೂ ಬಂದುಹೋದವಳು. ಹಾಗಾಗಿ ಸಿಟ್ಟನ್ನು ಅಪ್ಪನ ಖಾತೆಯಿಂದ ಮಗನ ಖಾತೆಗೆ ವರ್ಗಾಯಿಸಿಕೊಂಡೇ ಒಳಗೆ ಕಾಲಿಡುವುದು ಒಳ್ಳೆಯದು.

ಇಲ್ಲಿ ನಿಜಕ್ಕೂ ನೋಡಬೇಕಾದದ್ದು ಟಿಪ್ಪುವಿನ ಗುಡಾರ. ಹೂಗಳ ಚಿತ್ತಾರ ಬಿಡಿಸಿದ ಹತ್ತಿಬಟ್ಟೆಯದು. ಅದನ್ನು ಈ ಮನೆಯವರು ತೋಟದ ಪಾರ್ಟಿಗಳಿಗೆ ಶಾಮಿಯಾನದ ಹಾಗೆ ಬಳಸಿದ್ದೂ ಉಂಟು. ಆದರೆ ಅದು ಕಣ್ಣಿಗೆ ಕಾಣಬೇಕಲ್ಲ! ಬೆಳಕು ಬಿದ್ದಷ್ಟೂ ಬಟ್ಟೆಯ ಬಣ್ಣ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಅದಕ್ಕೇ ಹಳೆಯ ಬಟ್ಟೆಯಿರುವ ಕೋಣೆಗಳಲ್ಲಿ ಬೆಳಕು ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ); ನಮ್ಮ ಆಫೀಸುಗಳಲ್ಲಿ 300ರಿಂದ 500 ಇರುತ್ತದೆ. ವರ್ಷದ ಲೆಕ್ಕವನ್ನೂ ಇಡುತ್ತಾರೆ: ದಿನಕ್ಕೆ ಎಂಟು ಗಂಟೆಯಂತೆ 50 ಲಕ್ಸ್ ಬಿದ್ದರೆ ವರ್ಷಕ್ಕೆ ಹತ್ತಿರ ಹತ್ತಿರ 1,50,000 ಲಕ್ಸ್-ಗಂಟೆ, ಅಲ್ಲಿಗೆ ಬಟ್ಟೆಯ ಪಾಲು ಮುಗಿಯಿತು. ಸೆಕೆಯೆಂದು ಪರದೆ ಸರಿಸಲು ಹೋದ ಅತ್ತೆಯ ಕೈಯನ್ನು ಸ್ವಯಂಸೇವಕಿ ಮೆಲ್ಲಗೆ ಹಿಡಿದುಕೊಂಡಳೆಂದರೆ ಅದು ಪ್ರೀತಿಯಿಂದಲ್ಲ.

ಬಿಸಿಲಿಗೆ ತಾನಾಗಿ ಕಪ್ಪಾಗುವ ಕನ್ನಡಕದವರ ಪಾಡಂತೂ ಕೇಳಬೇಡಿ. ಒಳಗೆ ಬಂದರೆ ಅದು ತಿಳಿಯಾಗಲು ಕೆಲವು ನಿಮಿಷ ಬೇಕು, ಚಳಿಯಿದ್ದರೆ ಇನ್ನೂ ನಿಧಾನ. ಈ ಮನೆಗಳಲ್ಲಿ ಚಳಿ ಇದ್ದೇ ಇರುತ್ತದೆ. ಗಾಜು ತಿಳಿಯಾಗುವ ಹೊತ್ತಿಗೆ ಮಾವನವರು ಗುಡಾರ ದಾಟಿ ಮುಂದೆ ಹೋಗಿರುತ್ತಾರೆ. ಸಾದಾ ಕನ್ನಡಕ ಜೇಬಿನಲ್ಲಿರಲಿ. ಇಲ್ಲವೇ ಮೊದಲು ಎಣ್ಣೆಬಣ್ಣದ ಚಿತ್ರಗಳಿರುವ ಕೋಣೆ ಸುತ್ತಿ ಬನ್ನಿ. ಅಲ್ಲಿ ಬೆಳಕು ತುಸು ಧಾರಾಳ.

ಚಳಿಗೂ ಕಾರಣವಿದೆ. ಇಂಥ ಮನೆಗಳ ಹೀಟರಿಗೆ ಅಪ್ಪಣೆ ಕೊಡುವುದು ಗಾಳಿಯ ತೇವ, ನಿಮ್ಮ ಹಲ್ಲಿನ ಕಟಕಟ ಅಲ್ಲ. ತೇವ ಶೇಕಡಾ 65 ದಾಟಿದರೆ ಬೂಷ್ಟು, ಹುಳು. ದೂಳೂ ಅಂಟಿನಂತೆ ಕಚ್ಚಿಕೊಳ್ಳುತ್ತದೆ. ತೀರಾ ಒಣಗಿದರೆ ಮರ ಬಿರಿಯುತ್ತದೆ, ಗಿಲೀಟು ಎದ್ದು ಬರುತ್ತದೆ. ಹೀಗಾಗಿ ಜಡಿಮಳೆಯ ದಿನ ಹೀಟರು ಓಡುತ್ತದೆ. ಹೊರಗೆ ಎಲ್ಲ ಹೆಪ್ಪುಗಟ್ಟಿ ಗಾಳಿ ಒಣಗಿದ ದಿನ ಸುಮ್ಮನಾಗುತ್ತದೆ. ಸ್ವೆಟರನ್ನು ಕಾರಿನಲ್ಲಿ ಬಿಡಬೇಡಿ.

ಇನ್ನು ಕುರ್ಚಿ. ಹಳೆಯ ಕುರ್ಚಿಯ ಮೇಲೆ ಟೀಸಲ್ ಎಂಬ ಗಿಡದ ಒಣಗಿದ ಮುಳ್ಳುತಲೆಯನ್ನೋ ಪೈನ್ ಕಾಯಿಯನ್ನೋ ಇಟ್ಟಿರುತ್ತಾರೆ. ‘ಕೂರಬೇಡಿ’ ಎಂಬ ಬೋರ್ಡಿಗಿಂತ ಸಭ್ಯವಾದ ಏರ್ಪಾಡು ಎಂದು ಅವರ ಭಾವನೆ. ನಮ್ಮವರು ಅದನ್ನು ಯಾರೋ ಮರೆತು ಬಿಟ್ಟದ್ದೆಂದು ತೆಗೆದು, ಪಕ್ಕದ ಮೇಜಿನ ಮೇಲಿಟ್ಟು, ‘ಅಬ್ಬಾ’ ಎಂದು ಕೂರುತ್ತಾರೆ. ಒಂದೇ ಏಟಿಗೆ ಎರಡು ಅಪರಾಧ. ಮೇಜಿಗೂ ಗೀರು ಬೀಳಬಹುದು. ಶತಮಾನಗಳ ಹಳೆಯ ರೇಷ್ಮೆಯ ಎಳೆ ಕೂತ ಭಾರಕ್ಕೆ ಹಿಗ್ಗುವುದಿಲ್ಲ, ಹರಿಯುತ್ತದೆ. ಮಂಡಿನೋವಿದ್ದರೆ ಕೇಳಿ, ಕೂರಬಹುದಾದ ಕುರ್ಚಿ ಯಾವುದೆಂದು ಕೋಣೆಯವರೇ ತೋರಿಸುತ್ತಾರೆ. ರಾಜಮಂಚದ ಮುಂದಿನ ಕಟಕಟೆಗೂ ಒರಗಬಾರದು. ಅರಸರ ಮಂಚವಿದ್ದ ಕಡೆಗೆ ಕಂಡಕಂಡವರು ಬಾರದಿರಲೆಂದೇ 17ನೇ ಶತಮಾನದಲ್ಲಿ ಹಾಕಿದ್ದು ಅದು, ಈಗಲೂ ಅದೇ ಕೆಲಸ ಮಾಡುತ್ತಿದೆ.

ಬೆನ್ನಿನ ಚೀಲವನ್ನು ಎದೆಗೆ ತಗುಲಿಸಿಕೊಳ್ಳಿ ಎಂದಾಗ ಮುಖ ಗಂಟಿಕ್ಕಬೇಡಿ. ಬೆನ್ನಿಗೆ ಕಣ್ಣಿಲ್ಲ, ಚಿತ್ರ ನೋಡಲು ತಿರುಗಿದರೆ ಚೀಲ ಹಿಂದಿನ ಪಿಂಗಾಣಿಯ ವಿಚಾರಣೆಗೆ ಹೋಗಿರುತ್ತದೆ. ಚೂಪು ಹಿಮ್ಮಡಿಯ ಚಪ್ಪಲಿಯೂ ಬೇಡ: ಒಂದು ಹೆಜ್ಜೆಗೆ 60 ಕಿಲೋ ಭಾರ ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಓಕ್ ಹಲಗೆಗೂ ಗುಳಿ ಬೀಳುತ್ತದೆ.

ಹೊರಗಿನ ತೋಟ ಬಂಡೆಯಿಂದ ಮೆಟ್ಟಿಲುಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಮಂಡಿನೋವಿನವರೂ ಖುಷಿಯಾಗಿ ಇಳಿಯುತ್ತಾರೆ. ಕಾರು ಮೇಲಿದೆ ಎನ್ನುವುದು ಕೆಳಗೆ ತಲುಪಿದ ಮೇಲೆ ನೆನಪಾಗುತ್ತದೆ. ತಿಂಡಿಯ ತಟ್ಟೆ ಬಿಟ್ಟು ಫೋಟೋಗೆ ಏಳುವ ಮುಂಚೆ ಸುತ್ತ ನೋಡಿ, ಇಲ್ಲಿ ನವಿಲುಗಳು ಸ್ವಚ್ಛಂದವಾಗಿ ಓಡಾಡುತ್ತವೆ. ರೈಲಿನಲ್ಲಿ ಬಂದವರು ನಿಲ್ದಾಣಕ್ಕೆ ಒಂದು ಮೈಲಿಗಿಂತ ಹೆಚ್ಚು ನಡೆಯಬೇಕು. ಬರ್ಮಿಂಗ್‌ಹ್ಯಾಮ್ ಗಾಡಿ ಸುಮಾರು ಎರಡು ಗಂಟೆಗೊಂದು. ಅತ್ತೆಯವರು ಗಿಫ್ಟ್ ಅಂಗಡಿಗೆ ಕಾಲಿಡುವ ಮುಂಚೆಯೇ ವೇಳಾಪಟ್ಟಿ ನೋಡಿಕೊಳ್ಳಿ.