ಮುಚ್ಚಳ ತೆಗೆಯಬೇಡ, ದೊಡ್ಡಮ್ಮ

ನಮ್ಮ ಊಟದ ಮೇಜಿನ ಮೇಲೆ ಸದ್ಯಕ್ಕೆ ಒಂದು ಕೆರೆ ಇದೆ. ಸುತ್ತಲೂ ಕಂದು ಬಣ್ಣದ ಏರಿ, ನಡುವೆ ಅಂಗೈಯಗಲದ ಹಳ್ಳ. ಇರುವೆ ಹತ್ತದಿರಲೆಂದು ತಟ್ಟೆಯನ್ನು ನೀರು ತುಂಬಿದ ಪರಾತದಲ್ಲಿ ಇಟ್ಟಿರುವುದರಿಂದ ದ್ವೀಪ ಎಂದರೂ ತಪ್ಪಿಲ್ಲ. ನಿನ್ನೆ ಭಾನುವಾರ ಮಧ್ಯಾಹ್ನ ಮೂರೂಕಾಲರವರೆಗೆ ಅದು ಕೇಕ್ ಆಗಿತ್ತು.

ಮಗಳಿಗೆ ಏಳು ತುಂಬಿತೆಂದು ಕೇಕನ್ನು ಮನೆಯಲ್ಲೇ ಮಾಡುತ್ತೇನೆ ಎಂದು ಮಾತು ಕೊಟ್ಟವನು ನಾನೇ. ಹೆಂಡತಿ ಆಗಲೇ ಎಚ್ಚರಿಸಿದ್ದಳು: “ಚಿಕ್ಕಪೇಟೆಯಲ್ಲಿ ಅಯ್ಯಂಗಾರರು 1898ರಲ್ಲೇ ಬೇಕರಿ ತೆರೆದಿದ್ದಾರೆ. ನಮ್ಮ ರಸ್ತೆಯ ತಿರುವಿನಲ್ಲೂ ಒಂದಿದೆ. ನೀವು ಹೊಸದಾಗಿ ಕೇಕ್ ಕಂಡುಹಿಡಿಯಬೇಕಾಗಿಲ್ಲ.” ಹಟಕ್ಕೆ ಬಿದ್ದವನಿಗೆ ಇತಿಹಾಸ ಹೇಳಿ ಏನು ಪ್ರಯೋಜನ?

ನಮ್ಮ ಓವನ್ ವರ್ಷದ ಹನ್ನೊಂದು ತಿಂಗಳು ಅಟ್ಟದ ಮೇಲೆ ಹಳೆಯ ಹೊದಿಕೆ ಹೊದ್ದು ಮಲಗಿರುತ್ತದೆ. ಇಳಿಸಿ, ಒರೆಸಿ, ಒಳಗಿದ್ದ ಜಿರಲೆಯನ್ನು ಬೀಳ್ಕೊಟ್ಟದ್ದಾಯಿತು. ಅದಕ್ಕೆ ಬೇಕಾದ ದೊಡ್ಡ ಪ್ಲಗ್ಗಿನ ಜಾಗ ಅಡುಗೆಮನೆಯಲ್ಲಿಲ್ಲ, ಹಿಂದೆ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿದೆ. ಹೀಗಾಗಿ ನಮ್ಮ ಮನೆಯಲ್ಲಿ ಕೇಕ್ ಬೇಯುವುದು ಸೋಪಿನ ಪುಡಿ ಮತ್ತು ಒದ್ದೆ ಕಾಲುಚೀಲಗಳ ಸನ್ನಿಧಿಯಲ್ಲಿ, ಒಂದು ಸ್ಟೂಲಿನ ಮೇಲೆ. ಜೊತೆಗೆ ಗೀಸರ್ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಯಾರೂ ಸ್ನಾನ ಮಾಡಬಾರದೆಂದು ಆಜ್ಞೆ ಹೊರಡಿಸಿದೆ. ನಾಲ್ಕು ವರ್ಷದ ಮಗ ಆಜ್ಞೆಯನ್ನು ಸಂತೋಷದಿಂದ ಪಾಲಿಸಿದ.

ಇಷ್ಟನ್ನೆಲ್ಲ ನಿಭಾಯಿಸಬಹುದಿತ್ತು. ಆದರೆ ತೀರ್ಥಹಳ್ಳಿಯಿಂದ ದೊಡ್ಡಮ್ಮ ಬಂದಿದ್ದಳು.

ದೊಡ್ಡಮ್ಮನಿಗೆ ಎಪ್ಪತ್ತಾರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ದೃಷ್ಟಿ ಹರೆಯಕ್ಕೆ ಮರಳಿದೆ. ಒಳ್ಳೆಯವಳು. ಒಂದೇ ಒಂದು ಚಾಳಿ: ಮುಚ್ಚಿದ್ದನ್ನು ಮುಚ್ಚಿದಂತೆ ಇರಗೊಡುವುದಿಲ್ಲ. ಬಂದ ದಿನ ಕಾಲು ತೊಳೆದವಳೇ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ, ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ, ಹಿಟ್ಟಿನ ಡಬ್ಬಿ, ಎಲ್ಲದರ ಮುಚ್ಚಳ ಎತ್ತಿ ನೋಡಿ, “ಹೂಂ” ಎಂದು ಮುಚ್ಚಿದಳು. ಆ ‘ಹೂಂ’ ಮೆಚ್ಚುಗೆಯೋ ತಕರಾರೋ ಇಂದಿಗೂ ಗೊತ್ತಾಗಿಲ್ಲ. ಇಡ್ಲಿ ಇಟ್ಟರೆ ಐದು ನಿಮಿಷಕ್ಕೊಮ್ಮೆ ಆವಿಯಲ್ಲಿ ಅವಳ ಮುಖ. ಕುಕ್ಕರ್ ಮುಂದೆ ನಿಂತು ಒತ್ತಡ ಇಳಿಯುವುದನ್ನು ಬಸ್ಸಿಗೆ ಕಾಯುವವರಂತೆ ಕಾಯುತ್ತಾಳೆ. ಮಗಳು ಚಿಟ್ಟೆಯ ಹುಳುವನ್ನಿಟ್ಟು ಸಾಕುತ್ತಿದ್ದ ಡಬ್ಬಿಯನ್ನೂ ತೆರೆದು ನೋಡಿ, “ಇದು ಎಂತದ್ದು ಮಾರಾಯ, ಬೇಳೆಗೆ ಹುಳ ಬಿದ್ದಿದೆಯಾ?” ಎಂದು ಹಿತ್ತಿಲಿಗೆ ಎಸೆದಿದ್ದಳು. ಆ ದಿನದ ಅಳುವನ್ನು ಇಲ್ಲಿ ವಿವರಿಸಲಾರೆ.

ಈ ಮನೆಯಲ್ಲಿ ದೊಡ್ಡಮ್ಮನನ್ನು ಸೋಲಿಸಿದ್ದು ಬಟ್ಟೆ ಒಗೆಯುವ ಯಂತ್ರ ಮಾತ್ರ. ಅದು ಶುರುವಾದರೆ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ. ಅವಳು ಎರಡು ದಿನ ಎಳೆದಾಡಿ, ಮೂರನೆಯ ದಿನ “ಇದಕ್ಕೆ ಬಹಳ ಜಂಭ” ಎಂದು ಕೈಬಿಟ್ಟಳು. ಓವನ್ ತಯಾರಿಸುವವರಿಗೆ ಆ ಬುದ್ಧಿ ಏಕೆ ಬರಲಿಲ್ಲವೋ!

ಹಿಟ್ಟು ಕಲಸುವಾಗಲೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. “ಮೊಟ್ಟೆ ಹಾಕಿಲ್ಲ ತಾನೇ?” ನಾಲ್ಕು ಸಲ. “ಒಂದೂವರೆ ಕಪ್ ಎಂದರೆ ಯಾವ ಲೋಟ?” ಎರಡು ಸಲ. ಮೊಸರಿಗೆ ಸೋಡಾ ಹಾಕಿದಾಗ ಬುಸುಬುಸು ಎಂದು ಉಕ್ಕಿದ್ದನ್ನು ಕಂಡು ಮಗ ಕೈ ತಟ್ಟಿದ, ಆಮೇಲೆ ಆ ಕೈಯನ್ನೇ ಪಾತ್ರೆಯಲ್ಲಿ ಅದ್ದಿ ನೆಕ್ಕಿದ. ನೂರೆಂಬತ್ತು ಡಿಗ್ರಿಗೆ ಕಾಯಿಸಿಟ್ಟ ಓವನ್ನಿನಲ್ಲಿ ಪಾತ್ರೆ ಇಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದೆ: “ಮೂವತ್ತೈದು ನಿಮಿಷ. ಬಾಗಿಲು ತೆಗೆಯಬಾರದು. ಈಗ ಒಳಗೆ ಉಬ್ಬುತ್ತಿರುವುದು ಬರೀ ಗುಳ್ಳೆ. ಸುತ್ತಲ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ತಣ್ಣನೆ ಗಾಳಿ ಹೊಕ್ಕರೆ ಎಲ್ಲ ಕುಸಿಯುತ್ತದೆ. ನೋಡಲೇಬೇಕೆಂದರೆ ಗಾಜಿದೆ, ಒಳಗೆ ದೀಪವೂ ಇದೆ.”

“ಗಾಜಿನಲ್ಲಿ ಕಂಡದ್ದನ್ನು ನಂಬುವುದು ಹೇಗೋ?” ಎಂದಳು ದೊಡ್ಡಮ್ಮ.

ಆಗಲೇ ನನಗೆ ಅನುಮಾನ ಬರಬೇಕಿತ್ತು. ಮಗಳನ್ನು ಕಾವಲಿಗೆ ಕೂರಿಸಿದೆ. ಹದಿನೈದು ನಿಮಿಷಕ್ಕೆ ಕೇಕ್ ಪಾತ್ರೆಯ ಅಂಚು ದಾಟಿ ಗುಮ್ಮಟದಂತೆ ಎದ್ದು ನಿಂತಿತ್ತು. ಏಲಕ್ಕಿಯ ಪರಿಮಳ ಸೋಪಿನ ವಾಸನೆಯನ್ನೂ ಗೆದ್ದಿತ್ತು. ಅಷ್ಟರಲ್ಲಿ ಕರೆಗಂಟೆ. ಕೆಳಗಿನ ಮನೆಯವರು ನೀರಿನ ಟ್ಯಾಂಕರಿನ ಪಾಲು ಕೇಳಲು ಬಂದಿದ್ದರು. ಚಿಲ್ಲರೆ ಹುಡುಕಿ ಕೊಟ್ಟು ಬರಲು ಮೂರು ನಿಮಿಷ ಹಿಡಿದಿರಬೇಕು.

ಮರಳಿ ಬಂದು ನೋಡಿದರೆ ಓವನ್ನಿನ ಬಾಗಿಲು ಹಾರುಹೊಡೆದಿದೆ. ಎದುರಿಗೆ ದೊಡ್ಡಮ್ಮ, ಕೈಯಲ್ಲಿ ತೊಳೆದ ಹಿಡಿಕಡ್ಡಿ. ಅವಳ ಎಡಬಲದಲ್ಲಿ ನನ್ನ ಮಕ್ಕಳು ಮೊಣಕಾಲಿಗೆ ಕೈಯೂರಿ ಬಗ್ಗಿ ನೋಡುತ್ತಿದ್ದಾರೆ. ಕಾವಲುಗಾರ್ತಿಯ ಬಾಯಲ್ಲಿ ಕಡಲೆಮಿಠಾಯಿ. ದೊಡ್ಡಮ್ಮ ಕಡ್ಡಿಯನ್ನು ಗುಮ್ಮಟದ ನೆತ್ತಿಗೆ ಚುಚ್ಚಿ ತೆಗೆದು, ಕಣ್ಣಿನ ಹತ್ತಿರ ಹಿಡಿದು, “ಇನ್ನೂ ಹಸಿ ಇದೆ” ಎಂದು ತೀರ್ಪು ಕೊಟ್ಟಳು.

ಪೂರಿಯ ಗಾಳಿ ಹೋದದ್ದನ್ನು ನೋಡಿದ್ದೀರಲ್ಲ, ಅದು ಒಂದೇ ಕ್ಷಣದ ದುಃಖ. ಇದು ಸಾವಕಾಶವಾಗಿ, ಹಿರಿಯರು ಆರಾಮ ಕುರ್ಚಿಯಲ್ಲಿ ಕೂರುವಂತೆ, ನಡುವಿನಿಂದ ಇಳಿಯುತ್ತಾ ಹೋಯಿತು. “ಅಪ್ಪಾ, ಕೇಕ್ ಮಲಗಿತು” ಎಂದ ಮಗ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ದೊಡ್ಡಮ್ಮ ಮಾತ್ರ ಗಂಭೀರಳಾಗಿ, “ಯಾರದೋ ಕಣ್ಣು ತಾಗಿದೆ” ಎಂದು ಒಳಗೆ ಹೋಗಿ ಉಪ್ಪು, ಒಣಮೆಣಸು ಹಿಡಿದು ಬಂದು, ಓವನ್ನಿಗೆ ಮೂರು ಸುತ್ತು ನಿವಾಳಿಸಿದಳು. ಯಾರ ಕಣ್ಣು ಎಂದು ನಾನು ಕೇಳಲಿಲ್ಲ.

ಸಂಜೆ ಕತ್ತರಿಸುವ ಹೊತ್ತಿಗೆ ಅವಳಿಗೆ ಹಳೆಯದು ನೆನಪಾಯಿತು. “ನಿನ್ನ ಅಮ್ಮ ಮಾಡಿದ ಕೇಕೂ ಹೀಗೇ ಕುಳಿತಿತ್ತು, ನೋಡು” ಎಂದಳು, ಮನೆತನದ ಒಡವೆಯೊಂದು ಕೈಗೆ ಸಿಕ್ಕಂತೆ. ನನಗೂ ನೆನಪಿದೆ. 1989. ತುಂಗಾ ಹೊಳೆಯಿಂದ ತಂದು ಜರಡಿ ಹಿಡಿದ ಮರಳು ಬಾಣಲೆಯಲ್ಲಿ, ಅದರ ಮೇಲೆ ಡಬರಿ, ಡಬರಿಯ ಮುಚ್ಚಳದ ಮೇಲೆ ಕೆಂಡ. ಆರು ವರ್ಷದ ನಾನು ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಾ ಒಲೆಯ ಮುಂದೆ ಕೂತಿದ್ದೆ. ಹದಿನೇಳು ಜನ ಉಣ್ಣುವ ಆ ಮನೆಯಲ್ಲಿ ಅಳತೆಯ ಕಪ್ ಇರಲಿಲ್ಲ, ಗಡಿಯಾರ ಜಗಲಿಯಲ್ಲಿತ್ತು. ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಮುಚ್ಚಳ ತೆಗೆಯುವುದೊಂದೇ ದಾರಿ. ತೆಗೆದವಳು ಯಾರು ಎಂಬುದನ್ನು ದೊಡ್ಡಮ್ಮ ಹೇಳಲಿಲ್ಲ. ಕೇಕಿನ ಮೇಲೆ ಒಂದಿಷ್ಟು ಬೂದಿಯೂ ಬಿದ್ದಿತ್ತು. ಅಮ್ಮ ಅದನ್ನು ಚಮಚದಲ್ಲಿ ಕೆರೆದು, ಹಳ್ಳಕ್ಕೆ ಬಾಳೆಹಣ್ಣಿನ ರಸಾಯನ ಸುರಿದು, “ಇದು ಹೀಗೇ ಮಾಡುವುದು” ಎಂದು ಎಲ್ಲರಿಗೂ ಬಡಿಸಿದ್ದಳು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಆ ರುಚಿ ಹೇಗಿತ್ತೆಂದು ನೆನಪಿಲ್ಲ. ಹಲ್ಲಿಗೆ ಸಿಕ್ಕ ಮರಳಿನ ಕರಕರ ಮಾತ್ರ ನೆನಪಿದೆ.

ಫ್ರಿಜ್ಜಿನಲ್ಲಿ ಬಾಳೆಹಣ್ಣಿರಲಿಲ್ಲ. ಮಕ್ಕಳು ಹಳ್ಳಕ್ಕೆ ಬಣ್ಣಬಣ್ಣದ ಚಾಕೊಲೇಟ್ ಗುಂಡುಗಳನ್ನು ತುಂಬಿ, ಅದಕ್ಕೆ ಈಜುಕೊಳ ಎಂದು ಹೆಸರಿಟ್ಟು, ಏಳು ಮೇಣದಬತ್ತಿಗಳನ್ನು ಏರಿಯ ಮೇಲೆ ನೆಟ್ಟರು. ಬಂದ ನಾಲ್ವರು ಪುಟ್ಟ ಅತಿಥಿಗಳಲ್ಲಿ ಒಬ್ಬಳು ತನ್ನ ಹುಟ್ಟುಹಬ್ಬಕ್ಕೂ ಗುಂಡಿ ಇರುವ ಕೇಕೇ ಬೇಕೆಂದು ಅಮ್ಮನ ಹತ್ತಿರ ಹಟ ಹಿಡಿದಳಂತೆ. ದೊಡ್ಡಮ್ಮ ಅದನ್ನು ಕೇಳಿ ನನ್ನತ್ತ ನೋಡಿದ ನೋಟದಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ.

ರಾತ್ರಿ ಮೆಜೆಸ್ಟಿಕ್ಕಿನಲ್ಲಿ ತೀರ್ಥಹಳ್ಳಿಯ ಬಸ್ಸು ಹತ್ತಿಸಲು ಹೋದೆ. ದಾರಿಗಿರಲೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ತುಂಡು ಕೇಕ್ ಹಾಕಿ, ಮುಚ್ಚಳ ಬಿಗಿ ಮಾಡಿ, “ಬೆಳಿಗ್ಗೆ ತಿನ್ನು ದೊಡ್ಡಮ್ಮ, ಅಲ್ಲಿಯವರೆಗೆ ತೆಗೆಯಬೇಡ, ಒಣಗುತ್ತದೆ” ಎಂದು ಕೈಗಿತ್ತೆ. ಆಗಲಿ ಎಂದು ತಲೆಯಾಡಿಸಿದಳು. ನಾನು ಕೆಳಗಿಳಿದು ಕಿಟಕಿಯ ಬಳಿ ಬಂದು ನಿಂತೆ. ಬಸ್ಸು ಇನ್ನೂ ಅಲುಗಿರಲಿಲ್ಲ. ದೊಡ್ಡಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ತೆಗೆದು, ಬಗ್ಗಿ ನೋಡಿದಳು. ಗಾಜಿನ ಆಚೆ ಕೇಳಿಸಲಿಲ್ಲ, ಆದರೆ ತುಟಿ ಅಲುಗಿದ್ದು ಕಂಡಿತು: ಹೂಂ.